ಯಾವ ಗ್ಲಾಕೋಮಾ ಅಂತ ಮೊದಲು ಕೇಳ್ರಪ್ಪ (ಭಾಗ 3)

"ಗ್ಲಾಕೋಮಾ ತಾನೇ, ಸಾಯಲ್ಲ ಬಿಡು." ಹೋದ ಪೋಸ್ಟ್‌ಗೆ ಬಂದ ಕಮೆಂಟ್. ಅದಕ್ಕೆ ಲೈಕ್ ಬೇರೆ!

ಸರಿ, ಗ್ಲಾಕೋಮಾ ನೇರವಾಗಿ ಯಾರ ಜೀವಾನೂ ತೆಗೆಯಲ್ಲ. ಆದ್ರೆ ಪಕ್ಕದ ನೋಟ ಹೋದ ಅಜ್ಜಿ ಬಚ್ಚಲಲ್ಲಿ ಎಡವಿ ಸೊಂಟ ಮುರ್ಕೊಂಡು ಹಾಸಿಗೆ ಹಿಡಿದ್ರೆ ಅದನ್ನ ಯಾವ ಖಾತೆಗೆ ಬರೀತೀರ? ನಾವು ಬಿಕಾಂನವರು, ಖರ್ಚನ್ನ ಸರಿಯಾದ ಖಾತೆಗೆ ಹಾಕೋದೇ ನಮ್ಮ ಪಾಠ.

ಅದು ಒಂದೇ ಕಾಯಿಲೆಯೂ ಅಲ್ಲ. ಓಪನ್ ಆಂಗಲ್‌ನಲ್ಲಿ ನೋವಿಲ್ಲ, ಕೆಂಪಿಲ್ಲ. ಅಂಚಿಂದ ನೋಟ ಕಳ್ಳನ ಹಾಗೆ ಹೋಗುತ್ತೆ, ವಾಪಸ್ ಬರಲ್ಲ. ಕನ್ನಡಕದಂಗಡಿಯಲ್ಲಿ ನಂಬರ್ ನೋಡಿಸಿದ್ರೆ ಇದು ಸಿಗಲ್ಲ.

ಆಂಗಲ್ ಕ್ಲೋಷರ್ ದಿಢೀರ್ ಅಂತ ಬಂದ್ರೆ ಕಣ್ಣು ಕೆಂಪು, ತಲೆ ಸಿಡಿತ, ವಾಂತಿ, ದೀಪದ ಸುತ್ತ ಬಣ್ಣದ ಉಂಗುರ. ವಾಂತಿ ಅಂದ ಕೂಡ್ಲೇ ನಮ್ಮೋರಿಗೆ ಪಿತ್ತ! ನಮ್ಮ ದೊಡ್ಡಮ್ಮಂಗೆ ಎರಡು ದಿನ ಜೀರಿಗೆ ಕಷಾಯ ಕುಡಿಸಿದ್ರು. ಮೂರನೇ ದಿನ ಕಣ್ಣಿನ ಡಾಕ್ಟರ್ ಹತ್ರ ಹೋದ್ರು. ಈಗ ಆ ಕಣ್ಣಿಗೆ ಬೆಳಕು, ಕತ್ತಲೆ ಅಷ್ಟೇ ಗೊತ್ತಾಗೋದು. ಇದು ಗಂಟೆಗಳ ಲೆಕ್ಕದ ಎಮರ್ಜೆನ್ಸಿ ಕಣ್ರೋ, ದಿನಗಳದ್ದಲ್ಲ.

ಕಣ್ಣೊಳಗಿನ ಒತ್ತಡ 21ರ ಒಳಗಿದ್ದೂ ನರ ಸಾಯೋ ಗ್ಲಾಕೋಮಾ ಇದೆ. ಕೆಲವರಲ್ಲಿ ರಾತ್ರಿ ಬಿಪಿ ತೀರಾ ಇಳಿಯೋದೂ ಇದಕ್ಕೆ ಸೇರ್ಕೊಳ್ಳುತ್ತೆ. ಅದಕ್ಕೇ ಮಲಗೋ ಮುಂಚೆ ನುಂಗೋ ಬಿಪಿ ಮಾತ್ರೆ ವಿಷಯ ಕಣ್ಣಿನ ಡಾಕ್ಟರ್‌ಗೂ ಹೇಳಿ. ನೀವೇ ನಿಲ್ಲಿಸ್ಬೇಡಿ, ಪ್ಲೀಸ್. ಶುಗರ್ ಕೈಮೀರಿದಾಗ ಕಣ್ಣಲ್ಲಿ ಹೊಸ ರಕ್ತನಾಳ ಬೆಳೆದು ಬರೋ ಗ್ಲಾಕೋಮಾನೂ ಇದೆ. ಅದು ಬಂತು ಅಂದ್ರೆ ಕಿಡ್ನಿ, ಹೃದಯಾನೂ ನೋಡಿಸಬೇಕು. ಇನ್ನೂ ಬರೀ ಕಣ್ಣಿಂದು ಅಂತೀರಾ?

ಇನ್ನು ನಮ್ಮ ವಯಸ್ಸಿನವರದ್ದು. ಧೂಳಿಗೆ ಕಣ್ಣು ತುರಿಕೆ, ಮೆಡಿಕಲ್ಸ್‌ನಲ್ಲಿ ಚೀಟಿ ಇಲ್ಲದೆ ಒಂದು ಡ್ರಾಪ್ಸ್, ಎರಡೇ ದಿನಕ್ಕೆ ಆರಾಮ್, ಆಮೇಲೆ ರೂಮ್‌ಮೇಟ್‌ಗೂ ಅದೇ ಬಾಟಲಿ. ಅದ್ರಲ್ಲಿ ಸ್ಟೀರಾಯ್ಡ್ ಇದ್ದು ತಿಂಗಳುಗಟ್ಟಲೆ ಹಾಕಿದ್ರೆ ಒತ್ತಡ ಏರಿ 20ಕ್ಕೇ ಗ್ಲಾಕೋಮಾ ಬರಬಹುದು. ಕೊಡೋ ಅಂಗಡಿಯವರಿಗೂ ನಾಚಿಕೆ ಇಲ್ಲ, ಕೇಳೋ ನಮಗೂ ಇಲ್ಲ.

ಗ್ಲಾಕೋಮಾಗೆ ಕೊಡೋ ಹನಿ ಕೂಡ ಕಣ್ಣಲ್ಲೇ ನಿಲ್ಲಲ್ಲ, ಮೂಗಿನ ದಾರೀಲಿ ರಕ್ತಕ್ಕೆ ಸೇರುತ್ತೆ. ಟಿಮೊಲಾಲ್ ಹನಿ ಆಸ್ತಮಾ ಇರೋರಿಗೆ ಉಸಿರು ಕಟ್ಟಿಸಬಹುದು, ಹೃದಯ ಬಡಿತ ನಿಧಾನ ಮಾಡಬಹುದು. ಹಾಗಾಗಿ ಆಸ್ತಮಾ ಇದ್ರೆ ಡಾಕ್ಟರ್ ಬರೆಯೋಕ್ ಮುಂಚೇನೇ ಬಾಯಿಬಿಟ್ಟು ಹೇಳಿ.

ಅಪ್ಪ, ಅಮ್ಮ, ಅಕ್ಕ, ಅಣ್ಣ ಯಾರಿಗಾದ್ರೂ ಇದ್ರೆ ಇವತ್ತೇ ಅವರ ಫೈಲ್ ತೆಗೀರಿ. ಯಾವ ಗ್ಲಾಕೋಮಾ ಅಂತ ಬರೆದಿರ್ತಾರೆ, ಓದಿ. ಆಮೇಲೆ ನಿಮ್ಮ ಕಣ್ಣನ್ನೂ ತೋರಿಸ್ಕೊಂಡು ಬನ್ನಿ.