ರೆಸ್ಪೆಕ್ಟ್ ಅಂದ್ರೆ 15 ಸೆಕೆಂಡಿನ ಆಡಿಯೊ ಅಲ್ಲ ಕಣ್ರೋ

ಭಾಗ 1/8

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಪೋಸ್ಟ್. ಫೋಟೊ ನೋಡಿ ಲೈಕ್ ಒತ್ತಿ ಮುಂದೆ ಹೋಗೋರು ಹೋಗ್ಬಹುದು. ಉಳಿದವರು ಎಂಟೂ ಭಾಗ ಓದಿ, ಆಮೇಲೆ ಬೈಯಿರಿ.

ಕಳೆದ ವಾರ ನಮ್ಮ ಫೆಸ್ಟ್‌ನಲ್ಲಿ ಒಂದು ತಂಡ ಅರೆಥಾ ಫ್ರಾಂಕ್ಲಿನ್ ಅವರ 'ರೆಸ್ಪೆಕ್ಟ್' ಹಾಡಿತು. ಚೆನ್ನಾಗೇ ಹಾಡಿದ್ರು, ಸುಳ್ಳು ಯಾಕೆ ಹೇಳ್ಲಿ. ಆ ಏಳು ಇಂಗ್ಲಿಷ್ ಅಕ್ಷರಗಳನ್ನ ಒಂದೊಂದಾಗಿ ಕೂಗೋ ಜಾಗ ಬಂದಾಗ ಇಡೀ ಆಡಿಟೋರಿಯಂ ಎದ್ದು ನಿಂತು ಜೊತೆಗೆ ಕೂಗಿತು. ನಾನೂ ಕೂಗಿದೆ. ಗಂಟಲು ಇನ್ನೂ ಸರಿಹೋಗಿಲ್ಲ.

ಹಾಡು ಮುಗಿದು ಚಪ್ಪಾಳೆ ನಿಲ್ಲೋ ಮೊದಲೇ ಸ್ಪೀಕರ್ ಕೀಂಯ್ ಅಂತ ಕಿರುಚಿಕೊಳ್ತು. ಆಗ ಸ್ಟೇಜ್ ಮೇಲಿಂದ, ಈಗಷ್ಟೇ ಮರ್ಯಾದೆಯ ಹಾಡು ಹೊಮ್ಮಿದ ಅದೇ ಮೈಕಿನಲ್ಲಿ, "ಏಯ್, ಏನ್ ಮಾಡ್ತಿದೀಯೋ ಅಲ್ಲಿ? ಬೇಗ ಸರಿ ಮಾಡೋ!"

ಸೌಂಡ್ ನೋಡ್ಕೊಳ್ತಿದ್ದವರಿಗೆ ನಮ್ಮಪ್ಪನ ವಯಸ್ಸು. ಎದ್ದು ಬಂದು, ಬಗ್ಗಿ ವೈರ್ ಸರಿ ಮಾಡಿ, ಯಾರ ಮುಖಾನೂ ನೋಡದೆ ವಾಪಸ್ ಹೋದ್ರು. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಅಷ್ಟೇ. ರಾತ್ರಿ ಬಸ್ಸಲ್ಲಿ ಕೂತು ಅದೇ ಹಾಡನ್ನ ಕಿವಿಗೆ ಹಾಕ್ಕೊಂಡಾಗ ಆ ಬಗ್ಗಿದ ಬೆನ್ನು ಕಣ್ಣ ಮುಂದೆ ಬಂತು.

ಬೆಳಗ್ಗೆ ನೋಡಿದ್ರೆ ಅರ್ಧ ಕ್ಲಾಸಿನ ಸ್ಟೋರಿಯಲ್ಲಿ ಅದೇ ಆಡಿಯೊ. ಕೂಲಿಂಗ್ ಗ್ಲಾಸ್, ಸ್ಲೋ ಮೋಷನ್, 'ಆಟಿಟ್ಯೂಡ್'. ಅದಕ್ಕೇ ಈ ಸರಣಿ.

ಭಾಗ 2/8

ಮೊದಲು ಹಾಡಿನ ಹುಟ್ಟು. ಇದನ್ನ ಬರೆದು ಮೊದಲು ಹಾಡಿದ್ದು ಓಟಿಸ್ ರೆಡಿಂಗ್, 1965ರಲ್ಲಿ. ಅವರ ಹಾಡಲ್ಲಿ ಮಾತಾಡೋನು ಗಂಡಸು. ದುಡಿದು ಬರ್ತಾನೆ, ದುಡ್ಡೆಲ್ಲ ನಿನ್ನ ಕೈಗೇ ಕೊಡ್ತೀನಿ, ಮನೆಗೆ ಬಂದಾಗ ಒಂದಿಷ್ಟು ಮರ್ಯಾದೆ ಸಿಕ್ಕಿದ್ರೆ ಸಾಕು ಅನ್ನೋ ಧಾಟಿ. ಹಾಡು ಸುಮಾರಾಗಿದೆ ಅಂತ ನಾನು ಹೇಳಲ್ಲ. ಹೊರಗೆ ದಿನಾ ಅವಮಾನ ನುಂಗೋ ಕಪ್ಪು ಗಂಡಸು ಮನೆಯಲ್ಲಾದ್ರೂ ತಲೆ ಎತ್ತಿ ಕೂರೋಕೆ ಕೇಳ್ತಿದಾನೆ ಅಂತ ಕೇಳಿಸ್ಕೊಂಡ್ರೆ ಅದರಲ್ಲೂ ನೋವಿದೆ. ಆದ್ರೆ ಬಾಗಿಲು ತೆಗೆಯೋಳು ಏನಂತಾಳೆ? ಅದು ಆ ಹಾಡಲ್ಲಿ ಇಲ್ಲ.

ಎರಡು ವರ್ಷ ಆದ್ಮೇಲೆ ಬಾಗಿಲು ತೆಗೆದೋಳು ಮಾತಾಡಿದ್ಲು. 1967ರ ಫೆಬ್ರವರಿ 14, ನ್ಯೂಯಾರ್ಕ್‌ನ ಅಟ್ಲಾಂಟಿಕ್ ಸ್ಟುಡಿಯೊ. ಅರೆಥಾಗೆ ಆಗ 24 ವರ್ಷ. ಹುಟ್ಟಿದ್ದು ಮೆಂಫಿಸ್, ಬೆಳೆದದ್ದು ಡೆಟ್ರಾಯಿಟ್. ಅಪ್ಪ ಸಿ. ಎಲ್. ಫ್ರಾಂಕ್ಲಿನ್ ಹೆಸರಾಂತ ಪಾದ್ರಿ, ಮಗಳು ಚಿಕ್ಕಂದಿನಿಂದ ಚರ್ಚಲ್ಲಿ ಹಾಡಿ ಪಳಗಿದವಳು. ಅದಕ್ಕೂ ಮೊದಲು ಕೊಲಂಬಿಯಾ ಕಂಪನಿಯಲ್ಲಿ ಸುಮಾರು ಆರು ವರ್ಷ ರೆಕಾರ್ಡ್ ಮಾಡಿದ್ರೂ ದೊಡ್ಡ ಗೆಲುವು ಸಿಕ್ಕಿರಲಿಲ್ಲ.

ಆ ಪ್ರೇಮಿಗಳ ದಿನ ಅವರು ರೆಕಾರ್ಡ್ ಮಾಡಿದ್ದು ಎರಡೂವರೆ ನಿಮಿಷವೂ ಇಲ್ಲದ ಹಾಡು. ಜೂನ್‌ನಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ನಂಬರ್ 1. ಅದೇ ತಿಂಗಳು ಮಾಂಟೆರೆ ಸಂಗೀತೋತ್ಸವದಲ್ಲಿ ಓಟಿಸ್ ಈ ಹಾಡು ಹಾಡೋ ಮೊದಲು, ಒಬ್ಬಳು ಹುಡುಗಿ ಇದನ್ನ ನನ್ನಿಂದ ಕಿತ್ಕೊಂಡ್ಲು ಅನ್ನೋ ಅರ್ಥದಲ್ಲಿ ನಗ್ತಾ ಹೇಳಿದ್ರು. ತಮಾಷೆಗೇ ಹೇಳಿದ್ದು. ಆದ್ರೆ ನಿಜವನ್ನೇ ಹೇಳಿದ್ರು.

ಭಾಗ 3/8

'ಅದು ಬರೀ ಕವರ್ ಸಾಂಗ್ ಅಲ್ವಾ?' ಅಂತ ನಮ್ಮ ಗ್ರೂಪಲ್ಲಿ ಒಬ್ಬ ಕೇಳಿದ. ಸ್ವಾಮಿ, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ.

ಒಂದು: ನಾವೆಲ್ಲ ಗಂಟಲು ಹರ್ಕೊಂಡು ಕೂಗಿದ ಆ ಏಳು ಅಕ್ಷರ ಓಟಿಸ್ ಹಾಡಲ್ಲಿ ಇಲ್ಲವೇ ಇಲ್ಲ. ಅದು ಅರೆಥಾ ಮನೆ ಸಾಮಾನು. ಕನ್ನಡದಲ್ಲಿ ನಾವು 'ಬಿಡಿಸಿ ಹೇಳು' ಅಂತೀವಲ್ಲ, ಅವರು ಅದನ್ನೇ ಮಾಡಿದ್ದು. ಬಿಡಿಸಿ ಹೇಳೋದು ಯಾರಿಗೆ? ಒಂದು ಸಲ ಹೇಳಿದ್ರೆ ತಲೆಗೆ ಹೋಗದವರಿಗೆ.

ಎರಡು: ಹಿಂದೆ ಹಾಡ್ತಿರೋದು ಅರೆಥಾ ಅವರ ಸ್ವಂತ ಅಕ್ಕ ಅರ್ಮಾ, ತಂಗಿ ಕ್ಯಾರೊಲಿನ್. ಚರ್ಚಲ್ಲಿ ಒಬ್ಬರು ಕೂಗಿದ್ರೆ ಉಳಿದವರು ಮಾರುತ್ತರ ಕೊಡೋ ಪದ್ಧತಿ ಇದೆ, ಅದನ್ನೇ ಇಲ್ಲಿ ತಂದು ಕೂರಿಸಿದಾರೆ. ಹಾಗಾಗಿ ಕೇಳ್ತಿರೋಳು ಒಂಟಿ ಹೆಂಗಸಲ್ಲ. ಹೊಸಿಲಲ್ಲಿ ಒಬ್ಬಳು ನಿಂತಿದಾಳೆ, ಅವಳ ಹಿಂದೆ ಇನ್ನಿಬ್ಬರು ಸೊಂಟಕ್ಕೆ ಕೈ ಕೊಟ್ಟು ನಿಂತಿದಾರೆ. ಒಳಗೆ ಬರೋನು ಯೋಚನೆ ಮಾಡ್ಲೇಬೇಕು.

ಮೂರು: ನಡುವೆ ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೊಫೋನ್ ಬರೋ ಆ ತಿರುವು ಹೊಸದಾಗಿ ಸೇರಿಸಿದ್ದು. ಪಿಯಾನೊ ನುಡಿಸ್ತಿರೋದು ಸ್ವತಃ ಅರೆಥಾ. ಯಾರೋ ಹಾಕಿಟ್ಟ ಟ್ರ್ಯಾಕ್ ಮೇಲೆ ಬಂದು ಹಾಡಿ ಹೋದವರಲ್ಲ ಅವರು.

ನಾಲ್ಕು, ಎಲ್ಲಕ್ಕಿಂತ ದೊಡ್ಡದು: ಈ ಹಾಡಿನ ಹೆಂಗಸಿನ ಹತ್ರಾನೂ ದುಡ್ಡಿದೆ. 'ನಾನು ದುಡೀತೀನಿ, ಆದ್ದರಿಂದ ಮರ್ಯಾದೆ ಕೊಡು' ಅನ್ನೋ ಗಂಡಸಿನ ಲೆಕ್ಕ ಅಲ್ಲೇ ಮುರಿದುಬೀಳುತ್ತೆ. ಸಂಬಳದ ಬದಲಿಗೆ ಮರ್ಯಾದೆ ಅನ್ನೋ ವ್ಯಾಪಾರಕ್ಕೆ ಅವಳು ಒಪ್ಪಲ್ಲ.

ಪದಗಳು ಹೆಚ್ಚುಕಮ್ಮಿ ಅವೇ. ಕೇಳೋರು ಬದಲಾದ್ರು, ಅರ್ಥ ಮಗುಚಿಬಿತ್ತು.

ಭಾಗ 4/8

ಈಗ ಆ ಪದಕ್ಕೆ ಆ ದೇಶದಲ್ಲಿ, ಆ ಕಾಲದಲ್ಲಿ ಎಷ್ಟು ತೂಕ ಇತ್ತು ಅಂತ ನೋಡೋಣ. ಇದು ಗೊತ್ತಿಲ್ಲದೆ ಹಾಡು ಗೊತ್ತು ಅನ್ಬೇಡಿ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರು ಕಪ್ಪು ಜನರಿಗೆ ಮಿಸ್ಟರ್, ಮಿಸೆಸ್, ಮಿಸ್ ಅಂತ ಸೇರಿಸ್ತಿರಲಿಲ್ಲ. ಅರವತ್ತು ವರ್ಷದವರಿಗೂ ಬರೀ ಹೆಸರು, ಇಲ್ಲಾಂದ್ರೆ 'ಬಾಯ್', 'ಗರ್ಲ್'. ಕನ್ನಡದಲ್ಲಿ ಹೇಳೋದಾದ್ರೆ, ಅಜ್ಜನ ವಯಸ್ಸಿನವರಿಗೂ 'ಲೇ ಹುಡುಗಾ'.

1963ರಲ್ಲಿ ಅಲಬಾಮಾದ ಗ್ಯಾಡ್ಸ್‌ಡನ್ ಊರಿನ ಕೋರ್ಟಲ್ಲಿ ಮೇರಿ ಹ್ಯಾಮಿಲ್ಟನ್ ಅನ್ನೋ ಹೋರಾಟಗಾರ್ತಿ ಸಾಕ್ಷಿ ಕಟ್ಟೆಯಲ್ಲಿದ್ರು. ಸರ್ಕಾರಿ ವಕೀಲ ಅವರನ್ನ ಬರೀ 'ಮೇರಿ' ಅಂತ ಕರೆದ. ಸರಿಯಾಗಿ ಕರೆಯೋವರೆಗೆ ಉತ್ತರ ಕೊಡಲ್ಲ ಅಂದ್ರು ಅವರು. ಜಡ್ಜ್ ಉತ್ತರ ಕೊಡಲೇಬೇಕು ಅಂದ್ರು. ಇವರು ಕೊಡಲಿಲ್ಲ. ನ್ಯಾಯಾಂಗ ನಿಂದನೆ ಅಂತ 5 ದಿನ ಜೈಲು, 50 ಡಾಲರ್ ದಂಡ. ಒಂದು 'ಮಿಸ್'ಗೋಸ್ಕರ! ಆ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1964ರಲ್ಲಿ ಆ ಶಿಕ್ಷೆ ರದ್ದಾಯ್ತು.

ಅದಕ್ಕೂ ಮುಂಚೆ 1955ರಲ್ಲಿ ಮಾಂಟ್‌ಗಮರಿ ಬಸ್ ಬಹಿಷ್ಕಾರ ಶುರುವಾದಾಗ ಕಪ್ಪು ಜನ ಮುಂದಿಟ್ಟ ಬೇಡಿಕೆಗಳಲ್ಲಿ ಡ್ರೈವರ್‌ಗಳು ಸೌಜನ್ಯದಿಂದ ನಡ್ಕೋಬೇಕು ಅನ್ನೋದೂ ಒಂದು. ಸೀಟಿನ ಜೊತೆಗೇ ಮಾತೂ ಬೇಕು ಅಂದ್ರು. ಬೈಸ್ಕೊಂಡು ಕೂರೋ ಸೀಟು ಯಾರಿಗೆ ಬೇಕು?

ಇಂಥ ನಾಡಲ್ಲಿ 1967ರಲ್ಲಿ ರೇಡಿಯೊ ಹಾಕಿದ್ರೆ ಒಬ್ಬ ಕಪ್ಪು ಹೆಣ್ಣುಮಗಳು 'ರೆಸ್ಪೆಕ್ಟ್' ಅನ್ನೋದನ್ನ ಬಿಡಿಸಿ ಬಿಡಿಸಿ ಹೇಳ್ತಿದಾಳೆ. ಕೇಳಿದವರಿಗೆ ಏನಾಗಿರಬೇಡ!

ಭಾಗ 5/8

ಒಂದು ಆಕ್ಷೇಪ ಬಂದೇ ಬರುತ್ತೆ. 'ಅದು ಗಂಡ ಹೆಂಡ್ತಿ ಹಾಡು. ರಾಜಕೀಯ ಎಲ್ಲಿದೆ? ನೀನೇ ಸುಮ್ನೆ ಎಳೆದು ಸೇರಿಸ್ತಿದೀಯ.'

ಹಾಡಲ್ಲಿ ಚಳವಳಿಯ ಒಂದು ಪದಾನೂ ಇಲ್ಲ, ಒಪ್ತೀನಿ. ಪೊಲೀಸ್ ಇಲ್ಲ, ಮತದಾನ ಇಲ್ಲ, ಮೆರವಣಿಗೆ ಇಲ್ಲ. ಆದ್ರೆ ಒಂದು ಹಾಡು ಏನಾಗುತ್ತೆ ಅನ್ನೋದನ್ನ ಸ್ಟುಡಿಯೊ ಒಂದೇ ತೀರ್ಮಾನ ಮಾಡಲ್ಲ. ಕೇಳೋರು ಮಾಡ್ತಾರೆ. ಹೆಂಗಸರು ಕೇಳಿ ಇದು ನಮ್ಮ ಅಡುಗೆಮನೆ ಹಾಡು ಅಂದ್ರು. ನಾಗರಿಕ ಹಕ್ಕುಗಳಿಗೆ ಹೋರಾಡ್ತಿದ್ದವರು ಕೇಳಿ ಇದು ನಮ್ಮ ಬೀದಿ ಹಾಡು ಅಂದ್ರು. ಇಬ್ಬರೂ ಸರಿ. ಬಾಗಿಲ ಒಳಗೆ ಕೇಳೋ ಮರ್ಯಾದೆ, ಬಾಗಿಲ ಹೊರಗೆ ಕೇಳೋ ಮರ್ಯಾದೆ ಬೇರೆ ಬೇರೆ ಅಂತ ಅಂದ್ಕೊಂಡವರೇ ತಪ್ಪು.

ಮರುವರ್ಷ, 1968ರಲ್ಲಿ, ಅರೆಥಾ ಹುಟ್ಟಿದ ಅದೇ ಮೆಂಫಿಸ್‌ನಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದ್ರು. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಸತ್ತಿದ್ರು. ಸಂಬಳದ ಬೇಡಿಕೆ ಇತ್ತು, ಸಂಘ ಕಟ್ಟೋ ಹಕ್ಕಿನ ಬೇಡಿಕೆ ಇತ್ತು. ಆದ್ರೆ ಅವರು ಕೈಯಲ್ಲಿ ಹಿಡಿದ ಬೋರ್ಡಲ್ಲಿ ಬರೆದಿದ್ದು ಇಷ್ಟೇ: ನಾನೊಬ್ಬ ಮನುಷ್ಯ. ಈ ಹಾಡು ಕೇಳಿ ಅವರು ಬೀದಿಗೆ ಬಂದ್ರು ಅಂತ ನಾನು ಕಥೆ ಕಟ್ಟಲ್ಲ. ಹಾಡು ಮತ್ತು ಬೋರ್ಡು ಎರಡೂ ಒಂದೇ ಹಸಿವಿನಿಂದ ಹುಟ್ಟಿದ್ವು ಅಂತೀನಿ.

ಅರೆಥಾ ಹಾಡಿ ಸುಮ್ಮನೆ ಕೂತವರೂ ಅಲ್ಲ. 1970ರಲ್ಲಿ ಏಂಜೆಲಾ ಡೇವಿಸ್ ಜೈಲಲ್ಲಿದ್ದಾಗ ಜಾಮೀನಿನ ದುಡ್ಡು ನಾನು ಕಟ್ತೀನಿ ಅಂತ ಬಹಿರಂಗವಾಗಿ ಹೇಳಿದ್ರು.

ಭಾಗ 6/8

ಈಗ ಹೊಟ್ಟೆ ಉರಿಯೋ ವಿಷಯ. ದುಡ್ಡು.

ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೊದಲ್ಲಿ ಒಂದು ಹಾಡು ಬಂದ್ರೆ ರಾಯಲ್ಟಿ ಹೋಗೋದು ಬರೆದವರಿಗೆ, ಅವರ ಪ್ರಕಾಶಕರಿಗೆ. ಹಾಡಿದವರಿಗೆ ಇಲ್ಲ. 'ರೆಸ್ಪೆಕ್ಟ್' ಬರೆದವರು ಅಂತ ದಾಖಲೆಯಲ್ಲಿರೋದು ಓಟಿಸ್ ರೆಡಿಂಗ್ ಒಬ್ಬರದೇ ಹೆಸರು. ಹಾಡಿನ ಗುರುತೇ ಆಗಿಹೋದ ಆ ಏಳು ಅಕ್ಷರಗಳಿಗೆ ಅರೆಥಾ ಹೆಸರೂ ಇಲ್ಲ, ತಂಗಿ ಕ್ಯಾರೊಲಿನ್ ಹೆಸರೂ ಇಲ್ಲ. ರೆಕಾರ್ಡ್ ಮಾರಾಟದ ಪಾಲು ಬೇರೆ ಮಾತು. ಆದ್ರೆ ಆ ಸ್ಟೇಷನ್‌ಗಳು ಅರ್ಧ ಶತಮಾನ ಆ ದನಿ ಕೇಳಿಸಿ ಜಾಹೀರಾತಿನ ದುಡ್ಡು ಎಣಿಸಿದ್ವು, ಆ ದನಿಯ ಒಡತಿಗೆ ಆ ಪ್ರಸಾರದಿಂದ ಸೊನ್ನೆ.

ಓಟಿಸ್‌ಗೆ ಸಿಗಬಾರದಿತ್ತು ಅಂತ ನಾನು ಹೇಳ್ತಿಲ್ಲ. ಪಾಪ, 1967ರ ಡಿಸೆಂಬರ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ 26 ವರ್ಷ. ಬರೆದವರಿಗೆ ಕೊಡಲಿ, ಹಾಡಿದವರಿಗೂ ಕೊಡಲಿ ಅನ್ನೋದಷ್ಟೇ ವಾದ.

1972ಕ್ಕಿಂತ ಹಳೆಯ ರೆಕಾರ್ಡಿಂಗ್‌ಗಳಿಗೂ ಡಿಜಿಟಲ್ ರೇಡಿಯೊ ರಾಯಲ್ಟಿ ಕೊಡಬೇಕು ಅಂತ 2014ರಲ್ಲಿ ಒಂದು ಮಸೂದೆ ಬಂತು. ಅದಕ್ಕಿಟ್ಟ ಹೆಸರೇನು ಗೊತ್ತಾ? ರೆಸ್ಪೆಕ್ಟ್ ಆ್ಯಕ್ಟ್. ಪಾಸಾಗಲಿಲ್ಲ. ಆ ರಕ್ಷಣೆ ಕೊಟ್ಟ ಬೇರೆ ಕಾನೂನಿಗೆ ಸಹಿ ಬಿದ್ದಿದ್ದು 2018ರ ಅಕ್ಟೋಬರ್‌ನಲ್ಲಿ. ಅರೆಥಾ ತೀರಿಕೊಂಡಿದ್ದು ಅದೇ ವರ್ಷ ಆಗಸ್ಟ್ 16ಕ್ಕೆ.

ಅವರು ಕಾರ್ಯಕ್ರಮಕ್ಕೆ ಮೊದಲೇ ನಗದು ಎಣಿಸಿ ತಗೊಂಡು, ಆ ಪರ್ಸನ್ನ ಸ್ಟೇಜ್ ಮೇಲೆ ಕಣ್ಣಳತೆಯಲ್ಲೇ ಇಟ್ಕೊಂಡು ಹಾಡ್ತಿದ್ರು. ಜನ ಇದನ್ನ ದಿಮಾಕು ಅಂದ್ರು. ಹಾಡಿ ಮೋಸ ಹೋದವರನ್ನ ಕಣ್ಣಾರೆ ಕಂಡ ಪೀಳಿಗೆಯ ಹೆಂಗಸು ಇನ್ನೇನು ಮಾಡಬೇಕಿತ್ತು?

ಭಾಗ 7/8

'ಅಯ್ಯೋ ಮಗಾ, ಹಾಡು ಇರೋದು ಎಂಜಾಯ್ ಮಾಡೋಕೆ. ಎಲ್ಲದಕ್ಕೂ ಕ್ಲಾಸ್ ತಗೋಬೇಡ.'

ಎಂಜಾಯ್ ಮಾಡ್ಬೇಡಿ ಅಂತ ಯಾರು ಹೇಳಿದ್ರು? ನಾನೂ ಕುಣಿದೆ. ಈ ಹಾಡು ಕುಣಿಸದಿದ್ರೆ 1967ರಲ್ಲಿ ನಂಬರ್ 1 ಆಗ್ತಿರಲಿಲ್ಲ, 2021ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ತನ್ನ 500 ಶ್ರೇಷ್ಠ ಹಾಡುಗಳ ಪಟ್ಟಿಯಲ್ಲಿ ಮೊದಲನೇ ಜಾಗ ಕೊಡ್ತಿರಲಿಲ್ಲ. ನನ್ನ ತಕರಾರು ಕುಣಿತದ ಮೇಲಲ್ಲ, ಕಿವುಡಿನ ಮೇಲೆ.

ನಾವು ಈ ಹಾಡನ್ನ ಯಾವಾಗ ಹಾಕ್ತೀವಿ ನೋಡಿ. ಬರ್ತ್‌ಡೇ ದಿನ, ಹೊಸ ಬೈಕ್ ಬಂದ ದಿನ, ಮಾಜಿ ಲವರ್‌ಗೆ ಉರಿಸೋ ದಿನ. ಪ್ರತಿ ಸಲಾನೂ 'ನನಗೆ' ರೆಸ್ಪೆಕ್ಟ್ ಬೇಕು. ಕ್ಯಾಮೆರಾ ಯಾವಾಗಲೂ ನಮ್ಮ ಕಡೆಗೇ ತಿರುಗಿರುತ್ತೆ. ಆ ಹಾಡಲ್ಲಿ ಇಬ್ಬರಿದಾರೆ, ಕೇಳೋಳು ಒಬ್ಬಳು, ಕೊಡಬೇಕಾದವನು ಒಬ್ಬ. ನಾವು ಯಾವತ್ತೂ ಎರಡನೆಯವರಾಗಿರಬಹುದು ಅಂತ ನಮಗೆ ಹೊಳೆಯೋದೇ ಇಲ್ಲ. ಬಾಗಿಲ ಹೊರಗೆ ನಿಂತು ಬೈಸ್ಕೋತಿರೋರು ನಾವೇ ಆಗಿದ್ರೆ?

ಫೆಸ್ಟ್ ದಿನ ನಾವೇ ಆಗಿದ್ವಿ.

ಹಳೇ ಹಾಡೊಂದು ಇವತ್ತಿಗೂ ಬದುಕಿದೆ ಅನ್ನೋದಕ್ಕೆ ಪ್ಲೇ ಕೌಂಟ್ ಸಾಕ್ಷಿ ಅಲ್ಲ. ಕೇಳಿದ ಮೇಲೆ ಕೇಳುಗ ಒಂದು ಸಣ್ಣ ಕೆಲಸವನ್ನಾದ್ರೂ ಬೇರೆ ಥರ ಮಾಡಿದ್ನಾ ಅನ್ನೋದು ಸಾಕ್ಷಿ.

ಭಾಗ 8/8

ಕೊನೇ ಭಾಗ. ಇಲ್ಲಿ ಬೈಗುಳ ನನಗೂ ಸೇರಿ.

ನಮ್ಮ ಕನ್ನಡದಲ್ಲಿ ಮರ್ಯಾದೆ ಅಳೆಯೋಕೆ ಬೇರೆ ಮೀಟರ್ ಬೇಡ, ಕ್ರಿಯಾಪದದ ಬಾಲ ಸಾಕು. 'ಬನ್ನಿ' ಯಾರಿಗೆ, 'ಬಾರೋ' ಯಾರಿಗೆ ಅಂತ ಒಂದು ದಿನ ಲೆಕ್ಕ ಇಡಿ. ನಾನಿಟ್ಟೆ. ಲೆಕ್ಚರರ್‌ಗೆ ಬನ್ನಿ. ಇಪ್ಪತ್ತೈದು ವರ್ಷದ ಸೀನಿಯರ್‌ಗೆ ಬನ್ನಿ. ಐವತ್ತು ದಾಟಿದ ಲ್ಯಾಬ್ ಅಟೆಂಡರ್‌ಗೆ, ಕ್ಯಾಂಟೀನಲ್ಲಿ ತಟ್ಟೆ ಎತ್ತೋರಿಗೆ, ಕಾರಿಡಾರ್ ಗುಡಿಸೋ ಅಮ್ಮನಿಗೆ ಏಕವಚನ. ಅಲಬಾಮಾದ ಆ ವಕೀಲನಿಗೂ ನನಗೂ ಏನು ವ್ಯತ್ಯಾಸ?

'ನಮ್ಮೂರ ಕಡೆ ಎಲ್ಲರಿಗೂ ಏಕವಚನವೇ, ಪ್ರೀತಿಯಿಂದ' ಅಂತ ಕಾಮೆಂಟ್ ಬರುತ್ತೆ, ಗೊತ್ತು. ಏಕವಚನದಲ್ಲಿ ಪ್ರೀತಿ ಇಲ್ಲ ಅಂತ ನಾನೂ ಹೇಳಲ್ಲ. ಅಮ್ಮನಿಗೆ, ದೇವರಿಗೆ, ಜೀವದ ಗೆಳೆಯನಿಗೆ ಏಕವಚನವೇ. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಆ ಅಟೆಂಡರ್ ತಿರುಗಿ ನಿಮಗೆ 'ಏನೋ, ಬಾರೋ' ಅಂದ್ರೆ ನೀವು ನಗ್ತೀರಾ? ನಕ್ಕರೆ ಪ್ರೀತಿ. ಮುಖ ಕೆಂಪಾಗಿ ಪ್ರಿನ್ಸಿಪಾಲ್ ರೂಮಿಗೆ ಹೋದ್ರೆ, ಅದು ಪ್ರೀತಿ ಅಲ್ಲ, ಧಿಮಾಕು.

ಮರ್ಯಾದೆ ಕೊಟ್ಟು ಮರ್ಯಾದೆ ತಗೋ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. ಅದರಲ್ಲಿ 'ಕೊಟ್ಟು' ಮೊದಲು ಬರುತ್ತೆ, ಗಮನಿಸಿ.

ಫೆಸ್ಟ್ ಆದ ಮೂರನೇ ದಿನ ಆ ಸೌಂಡ್‌ನವರು ಬಾಕಿ ವೈರ್ ತಗೊಂಡು ಹೋಗೋಕೆ ಬಂದಿದ್ರು. ಹೋಗಿ ಮಾತಾಡಿಸ್ದೆ. ಅವತ್ತಿನ ವಿಷಯಕ್ಕೆ ಸಾರಿ ಅಂದೆ. 'ಯಾವ ವಿಷಯ?' ಅಂದ್ರು. ಅವರು ಮರೆತಿದ್ರೋ, ದಿನಾ ಅದೇ ಆಗಿ ಲೆಕ್ಕ ಇಡೋದು ಬಿಟ್ಟಿದ್ರೋ ಗೊತ್ತಾಗಲಿಲ್ಲ. ಆ ಹಾಡು ಯಾರದ್ದು ಅಂತ ಕೇಳಿದ್ರು. ಹೇಳಿದೆ. ಫೋನಲ್ಲಿ ಹಾಕಿ ಕೊಟ್ಟೆ. ವೈರ್ ಸುತ್ತೋದು ನಿಲ್ಲಿಸಿ ಪೂರ್ತಿ ಕೇಳಿ, "ಹಿಂದಿನ ದನಿ ಎಷ್ಟು ಕ್ಲಿಯರ್ ಆಗಿದೆ ನೋಡಿ" ಅಂದ್ರು. ನಾನು ಇಷ್ಟುದ್ದ ಬರೆದದ್ದನ್ನ ಅವರ ಕಿವಿ ಒಂದೇ ಸಲಕ್ಕೆ ಹಿಡಿದಿತ್ತು. ನನಗಿಂತ ಮೂವತ್ತು ವರ್ಷ ದೊಡ್ಡವರು, ನನಗೆ 'ನೋಡಿ' ಅಂದ್ರು.

ಆಡಿಯೊ ಹಾಕಿ, ರೀಲ್ ಮಾಡಿ, ಬೇಡ ಅನ್ನಲ್ಲ. ಒಂದೇ ಷರತ್ತು: ಹಾಕೋ ದಿನ ಏಕವಚನದ ಅಭ್ಯಾಸ ಆಗಿರೋ ಯಾರಾದ್ರೂ ಒಬ್ಬರಿಗೆ 'ಬನ್ನಿ' ಅನ್ನಿ. ಯಾರಿಗೆ ಅಂದ್ರಿ ಅಂತ ಕಾಮೆಂಟಲ್ಲಿ ಬರೀಬೇಡಿ. ಅದು ಪೋಸ್ಟ್ ಮಾಡೋ ವಿಷಯ ಅಲ್ಲ.

#ರೆಸ್ಪೆಕ್ಟ್ #ಅರೆಥಾಫ್ರಾಂಕ್ಲಿನ್ #ಕೊಟ್ಟುತಗೋ #ಬಹುವಚನ