ಸಮಾಧಾನ ಅಂದರೆ ಸುಮ್ಮನಿರುವುದಲ್ಲ

ಕಳೆದ ಡಿಸೆಂಬರಿನ ಒಂದು ಭಾನುವಾರ. ಮುಂಬಯಿಯ ಉಪನಗರವೊಂದರಲ್ಲಿ ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ನಡೆಸುವ ನಮ್ಮ ಕನ್ನಡ ಆರಾಧನೆ ಆಗಷ್ಟೇ ಮುಗಿದಿತ್ತು. ಚಹಾ ಹಂಚುತ್ತಿದ್ದರು. ಸಭೆಯ ಹಿರಿಯರೊಬ್ಬರು ಹತ್ತಿರ ಬಂದು, ದೊಡ್ಡ ಭಾರ ಇಳಿಸಿದವರಂತೆ ಹೇಳಿದರು: "ಅವರಿಬ್ಬರದೂ ಮುಗೀತು ನೋಡ್ರಿ. ಕುಂದರಿಸಿ ಸಮಾಧಾನ ಮಾಡಿಸೀವಿ."

ಅವರಿಬ್ಬರು ಅಂದರೆ ಗಂಡ ಹೆಂಡತಿ. ಆಕೆ ಮೂರು ವಾರದಿಂದ ಎಡಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಆರಾಧನೆಗೆ ಬರುತ್ತಿದ್ದಳು. ಜಾರಿ ಬಿದ್ದೆ ಎನ್ನುತ್ತಿದ್ದಳು. ಯಾರೂ ನಂಬಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕೊನೆಗೆ ಆಕೆಯೇ ಬಾಯಿಬಿಟ್ಟಾಗ ಹಿರಿಯರು ಕೂತು ಮಾತಾಡಿದರು. ತೀರ್ಮಾನ ಇಷ್ಟು: ಆಕೆ ಪೊಲೀಸರ ಹತ್ತಿರ ಹೋಗಬಾರದು, ಊರಿಗೆ ಫೋನ್ ಮಾಡಿ ಅಪ್ಪ ಅವ್ವನನ್ನು ಹೆದರಿಸಬಾರದು, ಆತ ಇನ್ನು ಮೇಲೆ ನೋಡಿಕೊಂಡು ನಡೆಯಬೇಕು, ಎಲ್ಲರೂ ಪ್ರಾರ್ಥಿಸಬೇಕು. ಆತ ತಪ್ಪಾಯಿತು ಅಂದನೇ ಎಂದು ಕೇಳಿದೆ. "ಅದನ್ನೆಲ್ಲಾ ಕೆದಕಬಾರದ್ರಿ, ಸಮಾಧಾನ ಕೆಡತದ" ಎಂದರು.

ಆಕೆ ಮೂಲೆಯಲ್ಲಿ ಕಪ್ಪುಗಳಿಗೆ ಚಹಾ ಬಗ್ಗಿಸುತ್ತಿದ್ದಳು. "ಹೆಂಗದೀಯವ್ವ?" ಎಂದೆ. ತಲೆ ಎತ್ತದೆ ಹೇಳಿದಳು: "ಸಮಾಧಾನ ಆಗೇದ ಅಂತಾರಲ್ರೀ ಅಕ್ಕಾ. ನೀವೂ ಹಂಗ ಅನ್ಕೋರಿ."

ನಾನು ಹಾಗೇ ಅಂದುಕೊಂಡು ಡೊಂಬಿವಲಿಯ ಲೋಕಲ್ ಹತ್ತಿ ಮನೆಗೆ ಬಂದೆ. ಈ ಲೇಖನದಲ್ಲಿ ಬೇರೆಯವರ ಮೇಲೆ ಹೊರಿಸುವ ತಪ್ಪುಗಳಲ್ಲಿ ಮೊದಲನೆಯದು ನನ್ನದು ಎಂದು ಇಲ್ಲೇ ಬರೆದಿಡುತ್ತೇನೆ.

ಈ ಪತ್ರಿಕೆ ಓದುವವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ನಮ್ಮ ಮನೆಯ ಜಗಳ ನಿಮಗೇಕೆ ಎನ್ನಬಹುದು. ಆದರೆ ನಿಮ್ಮಲ್ಲಿ ಎಷ್ಟೋ ಜನ ನನಗೆ ಪ್ರೀತಿಯಿಂದ ಹೇಳಿದ ಮಾತೊಂದಿದೆ: "ನಿಮ್ಮ ಮಂದಿ ಶಾಂತಿಪ್ರಿಯರು ಬಿಡ್ರಿ, ಯಾರ ತಂಟೆಗೂ ಬರೋದಿಲ್ಲ." ಹೊಗಳಿಕೆಯೇ ಅದು. ಆದರೆ ತಂಟೆಗೆ ಬರದಿರುವುದೇ ಶಾಂತಿ ಎಂದು ನೀವು ತಿಳಿದಿದ್ದೀರಿ, ನಾವೂ ಹಾಗೇ ತಿಳಿದಿದ್ದೇವೆ. ನನ್ನ ತಕರಾರು ಇಬ್ಬರ ಮೇಲೂ ಇದೆ.

ಮೊದಲು ಪದದ ಮಾತು. ನಮ್ಮದು ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಕುಟುಂಬ, ನೇಕಾರರ ಮನೆ. ನಾನು ಓದಿ ಬೆಳೆದ ಕನ್ನಡ ಬೈಬಲ್ಲಿನಲ್ಲಿ ಶಾಂತಿ ಎನ್ನುವುದಕ್ಕಿಂತ ಸಮಾಧಾನ ಎನ್ನುವುದೇ ಹೆಚ್ಚು. ಕಥೋಲಿಕ ಗೆಳೆಯರು ಶಾಂತಿ ಎನ್ನುವ ಕಡೆ ನಾವು ಸಮಾಧಾನ ಎನ್ನುತ್ತೇವೆ. ಯೇಸುವಿಗೆ ಸಮಾಧಾನದ ಪ್ರಭು ಎಂದೇ ಹೆಸರು. ಆದರೆ ದಿನದ ಮಾತಿನಲ್ಲಿ ಈ ಪದ ಏನಾಗಿದೆ ನೋಡಿ. ಅಳುವ ಮಗುವಿಗೆ ಸಮಾಧಾನ ಮಾಡುತ್ತೇವೆ. ಸಿಟ್ಟು ಬಂದವನಿಗೆ ಸಮಾಧಾನ ಮಾಡ್ಕೋ ಎನ್ನುತ್ತೇವೆ. ಬಹುಮಾನ ಸಿಗದವನಿಗೆ ಸಮಾಧಾನಕರ ಬಹುಮಾನ ಕೊಡುತ್ತೇವೆ. ಅಂದರೆ ಸಿಗಬೇಕಾದ್ದು ಸಿಗದವರ ಬಾಯಿ ಮುಚ್ಚಿಸಲು ಕೊಡುವ ಚಿಲ್ಲರೆ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ನಮ್ಮ ಸಭೆಗಳು ವೇದಪುಸ್ತಕದ ಪದವನ್ನು ಈ ಅರ್ಥದಲ್ಲೇ ಬಳಸುತ್ತಿವೆ.

ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಬೇರೆ. ಚೆದುರಿದ್ದನ್ನು ಒಟ್ಟುಗೂಡಿಸಿ, ಇರಬೇಕಾದ ಕಡೆ ಇಡುವುದು ಸಮಾಧಾನ. ಹೀಬ್ರೂ ಭಾಷೆಯ ಶಾಲೋಮ್ ಕೂಡ ಇದಕ್ಕೆ ಹತ್ತಿರ: ಒಡೆಯದೆ ಪೂರ್ಣವಾಗಿರುವುದು. ಅದೇ ಧಾತುವಿನಿಂದ ಬಂದ ಇನ್ನೊಂದು ಕ್ರಿಯಾಪದವಿದೆ, ಅದರ ಅರ್ಥ ತೀರಿಸುವುದು, ನಷ್ಟ ಕಟ್ಟಿಕೊಡುವುದು. ವಿಮೋಚನಕಾಂಡದಲ್ಲಿ ನೆರೆಯವನ ಎತ್ತು ಕದ್ದವನು ಏನು ಹಿಂತಿರುಗಿಸಬೇಕು ಎಂದು ಹೇಳುವಾಗ ಬರುವುದು ಆ ಪದವೇ. ಅಂದರೆ ಆ ಭಾಷೆಯಲ್ಲಿ ಶಾಂತಿಯೂ ಬಾಕಿ ತೀರಿಸುವುದೂ ಒಂದೇ ಬೇರಿನವು. ಎತ್ತು ಕಳ್ಳನ ಕೊಟ್ಟಿಗೆಯಲ್ಲೇ ಇರುವಾಗ ಇಬ್ಬರೂ ಕೈ ಕುಲುಕಿದರೆ ಅದಕ್ಕೆ ಶಾಲೋಮ್ ಎನ್ನಲಾಗದು.

ಯೆರೆಮೀಯ ಪ್ರವಾದಿಗೆ ಇದೇ ಸಿಟ್ಟು. ಜನರ ಗಾಯವನ್ನು ಮೇಲಷ್ಟೇ ಒರೆಸಿ, ಎಲ್ಲವೂ ನೆಟ್ಟಗಿದೆ ಎಂದು ಸಾರುವ ಯಾಜಕರ ಮೇಲೆ ಅವನು ಹರಿಹಾಯುತ್ತಾನೆ. ಸುವಾರ್ತೆಯಲ್ಲಿ ಜಕ್ಕಾಯನ ಕಥೆ ಬರುತ್ತದೆ. ತೆರಿಗೆ ವಸೂಲಿಯಲ್ಲಿ ಜನರನ್ನು ಸುಲಿದವನು ಅವನು. ಯೇಸು ಮನೆಗೆ ಬಂದಾಗ ಅವನು ಹಾಡು ಹಾಡಿ ಮುಗಿಸಲಿಲ್ಲ; ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ಆ ಮನೆಗೆ ಬಿಡುಗಡೆ ಬಂದಿತೆಂದು ಯೇಸು ಹೇಳಿದ್ದು ಲೆಕ್ಕದ ಮಾತಾದ ಮೇಲೆ.

ಯೇಸು ಬದುಕಿದ ಕಾಲದಲ್ಲಿ ಇನ್ನೊಂದು ಶಾಂತಿಯೂ ಇತ್ತು. ರೋಮ್ ಸಾಮ್ರಾಜ್ಯ ತನ್ನನ್ನು ಲೋಕಕ್ಕೆ ಶಾಂತಿ ತಂದವನೆಂದೇ ಕರೆದುಕೊಳ್ಳುತ್ತಿತ್ತು. ಕ್ರಿಸ್ತಪೂರ್ವ 9ರಲ್ಲಿ ಚಕ್ರವರ್ತಿ ಅಗಸ್ಟಸ್‌ನ ಗೌರವಕ್ಕಾಗಿ ರೋಮಿನಲ್ಲಿ ಶಾಂತಿದೇವತೆಗೆ ಅಮೃತಶಿಲೆಯ ಬಲಿಪೀಠವನ್ನೇ ಪ್ರತಿಷ್ಠಾಪಿಸಿದರು. ಆ ಶಾಂತಿಯನ್ನು ದೂರದ ಪ್ರಾಂತ್ಯಗಳಲ್ಲಿ ಕಾಪಾಡುತ್ತಿದ್ದ ಸಾಧನಗಳಲ್ಲಿ ಒಂದು ಶಿಲುಬೆ. ತಲೆ ಎತ್ತಿದವರನ್ನು ದಾರಿಬದಿಯಲ್ಲಿ ನೇತುಹಾಕಿದರೆ ಉಳಿದವರು ಶಾಂತವಾಗಿರುತ್ತಿದ್ದರು. ತಾನು ಕೊಡುವ ಸಮಾಧಾನ ಲೋಕ ಕೊಡುವಂಥದ್ದಲ್ಲ ಎಂದು ಯೇಸು ಹೇಳಿದ್ದು ಬಂಧನವಾಗುವ ಹಿಂದಿನ ಗಳಿಗೆಗಳಲ್ಲಿ. ಮರುದಿನ ಲೋಕದ ಶಾಂತಿ ಅವನನ್ನು ಶಿಲುಬೆಗೇರಿಸಿತು. ನಾವು ಕೊರಳಲ್ಲಿ ಆ ಶಿಲುಬೆ ಹಾಕಿಕೊಂಡು ರೋಮಿನ ಶಾಂತಿಯನ್ನು ಬೋಧಿಸುತ್ತಿದ್ದೇವೆ.

ಮನೆಯ ಮಾತಿನಿಂದ ಊರಿನ ಮಾತಿಗೆ ಬರೋಣ. ಖಾರ್ಘರ್ ಕಡೆ ಫ್ಲಾಟ್ ಕೊಂಡ ನಮ್ಮವರಿಗೆಲ್ಲ ತಲೋಜಾ ಜೈಲು ಎಲ್ಲಿದೆ ಎಂದು ಗೊತ್ತು. ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿಸಿ ಅಲ್ಲಿಗೆ ತಂದರು. ಆಗ ಅವರಿಗೆ 83 ವರ್ಷ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡಿನಲ್ಲಿ ಆದಿವಾಸಿಗಳ ಭೂಮಿಯ ಹಕ್ಕು ಕೇಳಿದವರು, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುವ ಆದಿವಾಸಿ ಯುವಕರ ಪರವಾಗಿ ಹೈಕೋರ್ಟಿಗೆ ಹೋದವರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಯುಎಪಿಎ ಅಡಿ ಅವರ ಮೇಲೆ ಆರೋಪ ಬಂತು. ಅವರು ಅದನ್ನು ನಿರಾಕರಿಸಿದ್ದರು. ಯಾವ ನ್ಯಾಯಾಲಯದಲ್ಲೂ ಅದು ಸಾಬೀತಾಗಲಿಲ್ಲ; ವಿಚಾರಣೆ ಶುರುವಾಗುವಷ್ಟೂ ಕಾಲ ಅವರು ಬದುಕಲಿಲ್ಲ.

ಪಾರ್ಕಿನ್ಸನ್ಸ್‌ನಿಂದ ಅವರ ಕೈ ನಡುಗುತ್ತಿತ್ತು, ಲೋಟ ಹಿಡಿಯಲಾಗುತ್ತಿರಲಿಲ್ಲ. ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಬೇಕೆಂದು ನವೆಂಬರಿನಲ್ಲಿ ಅವರು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ಎನ್‌ಐಎ 20 ದಿನ ಕಾಲಾವಕಾಶ ಕೇಳಿತು. 2021ರ ಮೇ ತಿಂಗಳ ಕೊನೆಗೆ ಬೊಂಬಾಯಿ ಹೈಕೋರ್ಟಿನ ಆದೇಶದ ಮೇಲೆ ಅವರನ್ನು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಿದರು. ಜುಲೈ 5ರಂದು, ಅವರ ಜಾಮೀನು ಅರ್ಜಿ ಕೋರ್ಟಿನ ಮುಂದಿದ್ದ ದಿನವೇ, ಅವರು ತೀರಿಕೊಂಡರು.

ಆ ದಿನಗಳಲ್ಲಿ ಜೆಸ್ವಿಟರು ಅವರ ಜೊತೆ ಗಟ್ಟಿಯಾಗಿ ನಿಂತರು, ಅದನ್ನು ಮರೆಯಬಾರದು. ಆದರೆ ನನಗೆ ಗೊತ್ತಿರುವ ಕನ್ನಡ ಪ್ರಾರ್ಥನಾ ಗುಂಪೊಂದರಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸೋಣ ಎಂದು ಒಬ್ಬ ಹುಡುಗ ಕೇಳಿದಾಗ ಬಂದ ಉತ್ತರ: "ರಾಜಕೀಯ ಬ್ಯಾಡ ತಮ್ಮಾ, ದೇಶದ ಶಾಂತಿಗಾಗಿ ಪ್ರಾರ್ಥನೆ ಮಾಡೋಣು." ಒಬ್ಬ ಮುದುಕ ನೀರು ಕುಡಿಯಲು ಸ್ಟ್ರಾ ಕೇಳುತ್ತಿರುವಾಗ, ಅವನ ಹೆಸರು ಬಿಟ್ಟು ಮಾಡುವ ಪ್ರಾರ್ಥನೆ ಯಾವ ಶಾಂತಿಗಾಗಿ? ಜೈಲಿನಿಂದ ಬರೆದ ಪತ್ರದಲ್ಲಿ ಸ್ಟ್ಯಾನ್ ಸ್ವಾಮಿ ತಮ್ಮ ಕಷ್ಟಕ್ಕಿಂತ ಹೆಚ್ಚಾಗಿ ಜೊತೆಗಾರರ ಬಗ್ಗೆ ಹೇಳುತ್ತಾರೆ: ಊಟ ಮಾಡಿಸುವ ಅರುಣ್ ಫೆರೇರಾ, ಸ್ನಾನಕ್ಕೆ ನೆರವಾಗುವ ವೆರ್ನನ್ ಗೊನ್ಸಾಲ್ವಿಸ್, ಬಟ್ಟೆ ಒಗೆದು ಮೊಣಕಾಲು ತಿಕ್ಕುವ ಬಡ ಕೈದಿಗಳು. ಆ ಬ್ಯಾರಕ್ಕಿನಲ್ಲಿ ನಮ್ಮ ಸಭಾಂಗಣಕ್ಕಿಂತ ಹೆಚ್ಚು ಸಮಾಧಾನ ಇತ್ತು ಎಂದು ನನಗೆ ಅನಿಸುತ್ತದೆ.

ಕನ್ನಡ ನಾಡಿನ ನೆನಪೂ ಒಂದಿದೆ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಅಡೋರೇಶನ್ ಮಠಕ್ಕೆ, ಪ್ರಾರ್ಥನಾ ಮಂದಿರಗಳಿಗೆ ನುಗ್ಗಿ ದಾಳಿ ಮಾಡಿದರು. ಪ್ರತಿಭಟಿಸಿದ ಭಕ್ತರ ಮೇಲೆ ಪೊಲೀಸರ ಲಾಠಿ ಬಿತ್ತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿ ಸರ್ಕಾರಕ್ಕೂ ಸಂಘ ಪರಿವಾರಕ್ಕೂ ದೋಷಮುಕ್ತಿ ಕೊಟ್ಟಿತು. ಹಾಗಾದರೆ ಒಡೆದವರು ಯಾರು ಎಂದು ಕ್ರೈಸ್ತರು ಕೇಳಿದಾಗ, ಹಳೆಯದನ್ನು ಕೆದಕಿ ಶಾಂತಿ ಕದಡಬೇಡಿ ಎಂಬ ಉಪದೇಶ ಬಂತು. ಚಹಾದ ಮೇಜಿನ ಹತ್ತಿರ ನಮ್ಮ ಹಿರಿಯರು ಆಡಿದ್ದೂ ಇದೇ ಮಾತಲ್ಲವೇ? ಹೊಡೆಸಿಕೊಂಡವರ ಪ್ರಶ್ನೆಯೇ ಶಾಂತಿಭಂಗ!

ಆ ದಾಳಿಗಳನ್ನು ಅಂದು ಬಹಿರಂಗವಾಗಿ ಸಮರ್ಥಿಸಿ ಬಂಧನಕ್ಕೊಳಗಾದವರು ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದ ಮಹೇಂದ್ರ ಕುಮಾರ್. ಮುಂದೆ ಅವರು ಆ ಸಂಘಟನೆಯಿಂದ ಹೊರಬಂದು, ಅದೇ ದ್ವೇಷದ ರಾಜಕಾರಣದ ವಿರುದ್ಧ ವೇದಿಕೆ ವೇದಿಕೆಯಲ್ಲಿ ಮಾತಾಡುತ್ತಾ ಹೋದರು, 2020ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೆ. ಅವರು ಕ್ರೈಸ್ತರಾಗಿರಲಿಲ್ಲ. ಆದರೆ ಮಂಗಳೂರಿನ ಗಾಯಕ್ಕೆ ಆಯೋಗದ ಕಡತಕ್ಕಿಂತ ಅವರ ಮಾತು ಹೆಚ್ಚು ಮದ್ದಾಯಿತು ಎನ್ನುತ್ತೇನೆ. ಕಾರಣ ಸರಳ: ಅವರು ನಡೆದದ್ದನ್ನು ನಡೆದಿದೆ ಎಂದರು. ಸಮಾಧಾನ ಅಲ್ಲಿಂದ ಶುರುವಾಗುತ್ತದೆ.

ನನ್ನ ಮಾತಿಗೆ ಎದುರು ಮಾತು ಇಲ್ಲವೆಂದಲ್ಲ. ನಮ್ಮ ಹಿರಿಯರು ಕೆಟ್ಟವರಲ್ಲ. ನಾವು ಈ ಊರಿನಲ್ಲಿ ಎರಡು ಸಲ ಅಲ್ಪಸಂಖ್ಯಾತರು: ಭಾಷೆಯಿಂದ ಒಮ್ಮೆ, ಧರ್ಮದಿಂದ ಒಮ್ಮೆ. ಬಾಡಿಗೆಯ ಸಭಾಂಗಣ ಯಾವಾಗ ಕೈತಪ್ಪುತ್ತದೋ ಎಂಬ ಅಂಜಿಕೆ ನಿಜ. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅಂಚಿನಲ್ಲಿ ಕೂತು ಕಲ್ಯಾಣದವರೆಗೆ ಹೋಗುವುದನ್ನು ಈ ಊರು ನಮಗೆ ಕಲಿಸಿದೆ. ಅಡ್ಜಸ್ಟ್ ಮಾಡಿಕೊಳ್ಳದೆ ಇಲ್ಲಿ ಯಾರೂ ಬದುಕಿಲ್ಲ. ಬಡವರ ಮೌನಕ್ಕೆ ಬದುಕುಳಿಯುವ ಜಾಣ್ಮೆ ಇದೆ, ಅದನ್ನು ನಾನು ಹಂಗಿಸುವುದಿಲ್ಲ. ಅದು ಜಾಣ್ಮೆಯಾಗಿರಲಿ, ಅದಕ್ಕೆ ಸುವಾರ್ತೆಯ ಅಂಗಿ ತೊಡಿಸುವುದು ಬೇಡ. ಅಂಜಿ ಸುಮ್ಮನಾದೆವು ಎಂದು ಒಪ್ಪಿಕೊಂಡರೆ ನಾಳೆ ಅಂಜಿಕೆ ಬಿಡುವ ದಾರಿ ಉಳಿಯುತ್ತದೆ. ಸುಮ್ಮನಿರುವುದೇ ದೇವರ ಚಿತ್ತ ಎಂದರೆ ಆ ದಾರಿಯೂ ಮುಚ್ಚಿತು.

ಇನ್ನು ಕೆಲವರು ಕೇಳುತ್ತಾರೆ: ಹಾಗಾದರೆ ಹೊಡೆದವರಿಗೆ ತಿರುಗಿ ಹೊಡೆಯಬೇಕೇ? ಇಲ್ಲ. ಕತ್ತಿ ಎಳೆದ ಪೇತ್ರನಿಗೆ ಅದನ್ನು ಒರೆಗೆ ಸೇರಿಸು ಎಂದವನು ಯೇಸುವೇ. ಆದರೆ ಅದೇ ರಾತ್ರಿ ಮಹಾಯಾಜಕನ ಮುಂದೆ ಕೆನ್ನೆಗೆ ಏಟು ಬಿದ್ದಾಗ ಅವನು ಸುಮ್ಮನಿರಲಿಲ್ಲ. ನಾನಾಡಿದ್ದರಲ್ಲಿ ತಪ್ಪೇನು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ಹೊಡೆದವನನ್ನೇ ಕೇಳಿದ. ಕೈ ಎತ್ತದೆಯೂ ಪ್ರಶ್ನೆ ಎತ್ತಬಹುದು. ನಮ್ಮ ಸಭೆಗಳು ಮೊದಲನೆಯದನ್ನು ಕಲಿಸಿ ಎರಡನೆಯದನ್ನು ಬಿಟ್ಟುಬಿಟ್ಟಿವೆ.

ನಮ್ಮದೇ ಆರಾಧನಾ ಕ್ರಮದಲ್ಲಿ ಇದಕ್ಕೆ ಉತ್ತರವಿದೆ. 1947ರಲ್ಲಿ ಬೇರೆ ಬೇರೆ ಮಿಷನ್ನುಗಳ ಸಭೆಗಳು ಸೇರಿ ದಕ್ಷಿಣ ಭಾರತ ಸಭೆಯಾದವು. 1950ರಲ್ಲಿ ಅದು ರೂಪಿಸಿದ ಕರ್ತನ ಭೋಜನದ ಕ್ರಮದಲ್ಲಿ ಒಂದು ಹಳೆಯ ಪದ್ಧತಿಯನ್ನು ಮತ್ತೆ ತಂದಿತು: ಸಭಾಪಾಲಕರಿಂದ ಶುರುವಾಗಿ ಒಬ್ಬರ ಅಂಗೈ ಇನ್ನೊಬ್ಬರ ಅಂಗೈಗಳ ನಡುವೆ ಇಟ್ಟು, ಸಾಲಿನಿಂದ ಸಾಲಿಗೆ ಸಮಾಧಾನ ದಾಟಿಸುವುದು. ಅದು ಬರುವುದು ಕಾಣಿಕೆ ಎತ್ತುವ ಮುಂಚೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳಿದ್ದು ಅದನ್ನೇ: ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಅವನ ಹತ್ತಿರ ಹೋಗು. ಇಲ್ಲಿ ಎದ್ದು ಹೋಗಬೇಕಾದವನು ತಪ್ಪು ಮಾಡಿದವನು, ನೊಂದವಳಲ್ಲ. ನಮ್ಮ ಸಂಧಾನದಲ್ಲಿ ಷರತ್ತೆಲ್ಲ ಬಿದ್ದದ್ದು ನೊಂದವಳ ಮೇಲೆ. ಆತ ಆ ಭಾನುವಾರವೂ ಎದ್ದು ನಿಂತು ಕಾಣಿಕೆಯ ಚೀಲ ಹಿಡಿದು ಸಾಲು ಸಾಲಾಗಿ ಬಂದ. ನಾನೂ ಹಣ ಹಾಕಿದೆ.

ಸಭೆಯ ಹಿರಿಯರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಆತ ಮಾಡಿದ್ದನ್ನು ಆಕೆಯ ಎದುರಿಗೆ ಹೆಸರಿಟ್ಟು ಹೇಳಬೇಕು. ಆಸ್ಪತ್ರೆಯ ಖರ್ಚು ಆತನದಾಗಬೇಕು. ಪೊಲೀಸರ ಹತ್ತಿರ ಹೋಗುವುದೂ ಬಿಡುವುದೂ ಆಕೆಯ ಇಷ್ಟ. ಹೋದರೆ ನಮ್ಮಲ್ಲಿ ಇಬ್ಬರಾದರೂ ಜೊತೆಗೆ ಹೋಗಬೇಕು. ಅಷ್ಟಾಗುವವರೆಗೆ ಕಾಣಿಕೆಯ ಚೀಲ ಬೇರೆಯವರು ಹಿಡಿಯಲಿ. ಇದರಿಂದ ಸಭೆಯಲ್ಲಿ ಗದ್ದಲವಾಗುತ್ತದೆ, ಎರಡು ಮೂರು ಮನೆಯವರು ಬರುವುದು ಬಿಡುತ್ತಾರೆ ಎಂದು ಹೇಳುವವರಿದ್ದಾರೆ. ಆಗಬಹುದು. ಮುರಿದ ಕೈಯನ್ನು ನೆಟ್ಟಗೆ ಕೂರಿಸುವಾಗಲೂ ನೋಯುತ್ತದೆ.

ಕಳೆದ ವಾರ ಆಕೆಗೆ ಫೋನ್ ಮಾಡಿ, ಡಿಸೆಂಬರಿನಲ್ಲಿ ಕೇಳಬೇಕಾಗಿದ್ದನ್ನು ಈಗ ಕೇಳಿದೆ: "ನಿನಗ ಏನ್ ಬೇಕವ್ವ?" ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: "ಇದನ್ನ ಇಷ್ಟು ದಿನ ಯಾರೂ ಕೇಳಿರಲಿಲ್ರೀ ಅಕ್ಕಾ. ಸ್ವಲ್ಪ ತಡೀರಿ, ಬಾಗಿಲಾ ಹಾಕ್ಕೊಂಡು ಬರ್ತೀನಿ."