ಫಲಕದ ಮೇಲಿಲ್ಲದ ಲೆಕ್ಕ

ನಾರಾಯಣಗೂಡದಲ್ಲಿ ಕಾಲೇಜುಗಳ ಜಾಹೀರಾತು ಫಲಕಗಳಿಗೆ ಕೊರತೆಯಿಲ್ಲ. ಯಾರೋ ಒಬ್ಬ ವಿದ್ಯಾರ್ಥಿಗೆ ದೊರೆತ ಅತ್ಯಧಿಕ ಸಂಬಳವನ್ನು ಅವು ಮೊಳದುದ್ದದ ಅಂಕಿಗಳಲ್ಲಿ ಸಾರುತ್ತವೆ. ಉಳಿದವರ ಪಾಡೇನಾಯಿತೆಂಬುದನ್ನು ಹೇಳುವುದಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕಾಸಿಗೆ ಕಾಸು ಲೆಕ್ಕವೊಪ್ಪಿಸುವ ನಮ್ಮವರು ಮಕ್ಕಳ ಓದಿನ ವಿಷಯದಲ್ಲಿ ಮಾತ್ರ ಲೆಕ್ಕ ಕೇಳಲು ಸಂಕೋಚಪಡುತ್ತಾರೆ.

2008ರಲ್ಲಿ ಅವಿಭಜಿತ ಆಂಧ್ರ ಪ್ರದೇಶದಲ್ಲಿ ಆರಂಭವಾದ ಶುಲ್ಕ ಮರುಪಾವತಿಯ ಯೋಜನೆ ತೆಲಂಗಾಣದಲ್ಲಿಯೂ ಮುಂದುವರಿದಿದೆ, ನಿಜ. ಆದರೆ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಹಿಂದುಳಿದ ವರ್ಗದ ವಿದ್ಯಾರ್ಥಿಯ ರ‍್ಯಾಂಕು 10,000 ದಾಟಿತೆಂದರೆ, ಇದುವರೆಗಿನ ನಿಯಮದಂತೆ ಸಾಮಾನ್ಯವಾಗಿ ದೊರೆಯುವುದು ವರ್ಷಕ್ಕೆ 35,000 ರೂಪಾಯಿ ಮಾತ್ರ. ಶುಲ್ಕ ಲಕ್ಷ ಮೀರಿದ ಕಾಲೇಜಿನಲ್ಲಿ ಉಳಿದ ಭಾರ ತಂದೆಯ ಹೆಗಲಿಗೆ. ಅದೂ ನಾಲ್ಕು ವರ್ಷ! "ಸರಕಾರವೇ ಕೊಡುತ್ತದೆ" ಎಂಬ ಮಾತನ್ನು ನಂಬಿ ಸೇರಿಸುವವರಿಗೆ ಈ ವಿಷಯ ಮೊದಲೇ ತಿಳಿದಿರಬೇಡವೇ?

ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆಗೆ ಕಾಲೇಜುಗಳು ಸಲ್ಲಿಸುವ ವಿವರಗಳಲ್ಲಿ, ಎಷ್ಟು ಮಂದಿ ಕಾಲಕ್ಕೆ ಸರಿಯಾಗಿ ತೇರ್ಗಡೆಯಾದರು, ಎಷ್ಟು ಮಂದಿಗೆ ಉದ್ಯೋಗ ದೊರೆಯಿತು, ನಡುವಣ ಸಂಬಳವೆಷ್ಟು ಎಂಬುದೆಲ್ಲ ಇರುತ್ತದೆ. ಕಾಲೇಜಿನವರೇ ಕೊಟ್ಟ ಅಂಕಿಗಳಾದ್ದರಿಂದ ತುಸು ಎಚ್ಚರದಿಂದ ಓದಬೇಕು. ಆದರೂ ಫಲಕಕ್ಕಿಂತ ಮೇಲು. ಕಾಚಿಗೂಡದ ನಮ್ಮ ನೃಪತುಂಗ ಶಾಲೆಯಲ್ಲಿ ಹತ್ತನೆಯ ತರಗತಿಯವರಿಗೇ ಈ ಅಂಕಿಗಳನ್ನು ಶುಲ್ಕದೊಡನೆ ಕನ್ನಡದಲ್ಲಿ ಬರೆದು ತೂಗುಹಾಕಬೇಕೆಂದು ನಾವು ಸೂಚಿಸುತ್ತೇವೆ. ಕಛೇರಿಗಳಲ್ಲಿರುವ ಗುಮಾಸ್ತ ಮಿತ್ರರು ಎರಡು ಭಾನುವಾರ ಬಿಡುವು ಮಾಡಿಕೊಂಡರೆ ಪಟ್ಟಿ ಸಿದ್ಧವಾದೀತು.